ಮಡಿಕೆ ಬಿಚ್ಚದ ಸೀರೆ

ಬಾಣಸವಾಡಿ
೭-೧-೧೯೯೮

ಅತ್ತೆಯವರಿಗೆ ಯಮುನಾಳ ನಮಸ್ಕಾರ.

ಮಗಳ ಬಾಣಂತನದ ಗಡಿಬಿಡಿಯಲ್ಲೂ ನೀವು ಅಲ್ಲಿಂದ ಕಳಿಸಿದ ಸೀರೆ ತಲುಪಿತು. ಧನುರ್ಮಾಸದಲ್ಲಿ ಒಂದು ದಿನವೂ ತಪ್ಪದೆ ನಸುಕಿನಲ್ಲೇ ರಂಗೋಲಿ ಹಾಕುತ್ತಿರುವ ಸೊಸೆಗೆ ಎಂದು ಬರೆದಿದ್ದೀರಿ. ಎದುರುಮನೆ ಮುನಿಗಂಗಮ್ಮ ನಿಮಗೆ ಹೇಳಿದ್ದು ರಂಗೋಲಿ ನೋಡಿ, ನನ್ನನ್ನು ನೋಡಿ ಅಲ್ಲ.

ಹಾಕುತ್ತಿರುವವಳು ನಮ್ಮ ಹಿಂದಿನ ರೂಮಿನ ಬಾಡಿಗೆಯ ಕಾವೇರಿ. ಚಳಿ ಶುರುವಾದಾಗಿನಿಂದ ನನಗೆ ಏಳಲು ಆಗುತ್ತಿಲ್ಲ. ಜ್ವರವಿಲ್ಲ, ನೋವಿಲ್ಲ. ಹತ್ತು ಗಂಟೆಗೆ ಎದ್ದರೂ ಕೈಕಾಲು ಭಾರ, ಸುಮ್ಮಸುಮ್ಮನೆ ಅಳು. ಹೋದ ವರ್ಷವೂ ಹೀಗೇ ಆಗಿತ್ತು. ನೀವು ಸೋಮಾರಿತನ ಎಂದಿರಿ, ನಾನೂ ಹಾಗೇ ನಂಬಿದೆ.

ಮೊದಲ ದಿನ ಬೋಳು ಬಾಗಿಲು ನೋಡಿ ಕಾವೇರಿ, “ನೀವು ಮಲಕೋರಿ ಅಕ್ಕಾ, ನಾ ಕೆಲಸಕ್ಕ ಹೋಗೂಮುಂದ ಹಾಕ್ತೀನಿ” ಎಂದಳು. ಸಗಣಿ ಉಂಡೆಗೆ ಕುಂಬಳದ ಹೂ ಸಿಕ್ಕಿಸುವ ನಮ್ಮ ಪದ್ಧತಿ ಅವಳ ಊರಿನಲ್ಲಿಲ್ಲ, ಕೇಳಿ ಕಲಿತಳು. ಫೋನಿನಲ್ಲಿ ನೀವು ಹೊಗಳಿದಾಗ ನಾನು ಸುಮ್ಮನಿದ್ದೆ.

ಸೀರೆಯನ್ನು ಅವಳಿಗೆ ಕೊಡಲು ಒಪ್ಪಿಗೆ ಕೊಡಿ. ಮಡಿಕೆ ಬಿಚ್ಚಿಲ್ಲ.

ನಿಮ್ಮ ಮಗನಿಗೆ ಈ ಅಳುವಿನ ವಿಷಯ ಇನ್ನೂ ಹೇಳಿಲ್ಲ. ಸಂಕ್ರಾಂತಿಗೆ ಬಂದಾಗ ನೀವೇ ನನ್ನನ್ನು ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಧ್ಯಾಹ್ನವಾದರೆ ಎದ್ದಿರುತ್ತೇನೆ.

ನಿಮ್ಮ ಸೊಸೆ
ಯಮುನಾ