ಗಡಿ ದಾಟಿದ ಎದೆಬಡಿತ

ಹುನಗುಂದ, ಮಂಗಳವಾರ

ಅಕ್ಕಾ,

ಇಲ್ಲಿನ ಆಸ್ಪತ್ರೆಗೆ ಬಂದು ವಾರವಾಯಿತು. ರೋಗಿಗಳ ಎದೆಬಡಿತದ ಸದ್ದನ್ನು ಹಿಡಿದಿಡುವ ಪೆಟ್ಟಿಗೆಯೊಂದು ಇಲ್ಲಿದೆ. ಆ ದಾಖಲೆ ಪೆಟ್ಟಿಗೆಯಲ್ಲೇ ಉಳಿಯಬೇಕು, ದೇಶದ ಗಡಿ ದಾಟಬಾರದು ಎಂಬುದು ಕರಾರು. ಅದನ್ನು ಪರೀಕ್ಷಿಸುವುದೇ ನನ್ನ ಕೆಲಸ. ಒಂದು ದಾಖಲೆ ಮಾತ್ರ ಹೇಗೋ ಹೊರದೇಶದ ಕ್ಲೌಡ್ ಸಂಗ್ರಹ ಸೇರಿತ್ತು. ಅದು ಎಂಟು ತಿಂಗಳ ಹಿಂದೆ ತೀರಿಕೊಂಡ ರೇಣವ್ವ ಎಂಬವರದು. ಅಲ್ಲಿ ಯಾರೋ ಅದನ್ನು ಇವತ್ತಿಗೂ ದಿನಾ ತೆರೆದು ಕೇಳುತ್ತಿದ್ದಾರೆಂದು ದಾಖಲೆ ತೆರೆದವರ ಪಟ್ಟಿಯಿಂದ ತಿಳಿಯಿತು.

ಅದನ್ನು ಅಲ್ಲಿಂದ ಅಳಿಸಲು ರೇಣವ್ವನ ಮನೆಯವರ ಸಹಿ ಬೇಕಿತ್ತು. ಅವರ ಗಂಡ ಮಾಳಪ್ಪನವರನ್ನು ಕರೆಸಿದೆ. ವಿಷಯ ಕೇಳಿ, "ಹಂಗಾರ ಅಲ್ಲಿ ಅಕಿ ಇನ್ನೂ ಸತ್ತಿಲ್ಲೇನ್ರಿ?" ಅಂದರು. ಇಲ್ಲಿನ ಪೆಟ್ಟಿಗೆಯಲ್ಲಿದ್ದ ಅದೇ ಬಡಿತವನ್ನು ಕೇಳಿಸಿದೆ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕೇಳಿದರು.

"ಗುರ್ತಿಲ್ಲದ ಊರಾಗ ಅಕಿ ಒಬ್ಬಾಕಿನ ಇರೂದು ಬ್ಯಾಡ್ರಿ. ಮನಿಗೆ ಕರಕೊಂಡ್ ಬರ್ರಿ," ಎಂದು ಸಹಿ ಹಾಕಿದರು.

ಇವತ್ತು ಹೊರದೇಶದಿಂದ ಉತ್ತರ ಬಂತು. ತಮ್ಮಲ್ಲಿದ್ದುದನ್ನು ಅಳಿಸಿದ್ದಾರಂತೆ. ಅದರಿಂದ ಬೇರೆಯವರು ಎಷ್ಟು ಪ್ರತಿ ಮಾಡಿಕೊಂಡಿದ್ದಾರೋ, ಅವು ಎಲ್ಲೆಲ್ಲಿವೆಯೋ ಅವರಿಗೂ ಗೊತ್ತಿಲ್ಲವಂತೆ. ತಲೆಯೆತ್ತಿದರೆ ಬಾಗಿಲಲ್ಲಿ ಮಾಳಪ್ಪನವರು ನಿಂತಿದ್ದರು.

"ಬಂದ್ಲೇನ್ರಿ?"

"ಬಂದ್ರು," ಎಂದೆ.

ಈ ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ನಾನು ಸುಳ್ಳು ಹೇಳಿದೆನೆಂದು ಅಮ್ಮನಿಗೆ ಹೇಳಬೇಡ.

ನಿನ್ನ ತಂಗಿ,
ವಾರಿಜಾ