ಕೊಡಸಿಗೆಯ ತೊಗಟೆ

ಉದಗೀರ, ಮಂಗಳವಾರ, ೧೨ ಮೇ ೧೯೩೬

ಅಪ್ಪನ ಮಾತು ಇನ್ನೂ ಚುಚ್ಚುತ್ತಿದೆ. ಹೈದರಾಬಾದಿನ ಪ್ರಯೋಗಶಾಲೆ ಬಿಟ್ಟು ನಾನು ಕಿರಾಣಿ ಅಂಗಡಿಯಲ್ಲಿ ಕೂರಬೇಕಂತೆ.

"ಕೊಡಸಿಗಿ ತೊಗಟಿಯೊಳಗ ಭೇದಿಗಿ ದೇವರು ಇಟ್ಟ ಔಷಧ ಅದ. ಅದನ್ನ ಶೀಶೆದಾಗ ಮತ್ತ ಯಾಕ ಮಾಡ್ತಿ?"

ಅಪ್ಪ ಹೀಗೆ ಕೇಳಿದ್ದೇ ತಡ, ಜೋಳ ಕೇರುತ್ತಿದ್ದ ಅವ್ವ ಮೊರ ಕೆಳಗಿಟ್ಟಳು. "ನಮ್ಮ ದಿಗಂಬರಗ ಭೇದಿ ಹತ್ತಿದಾಗ ನೀವು ನಿಲಂಗಾತನಕ ತಿರುಗಿದ್ರಿ. ತೊಗಟಿ ಸಿಕ್ತೇನ್ರಿ?"

ಆ ಭೇದಿಯಲ್ಲೇ ತಮ್ಮ ಸತ್ತ ಮೇಲೆ ಅವನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅಪ್ಪ ಅಂಗಡಿಯ ಕೀಲಿಯನ್ನು ಗೂಟಕ್ಕೆ ತೂಗುಹಾಕಿ, "ನಾಳಿ ಗಾಡಿಗಿ ಹೈದರಾಬಾದಕ್ಕ ಹೋಗು" ಎಂದರು.

ಇಷ್ಟು ವರ್ಷ ದುಡಿದು ತೊಗಟೆಯಿಲ್ಲದೆ ನಾನು ಮಾಡಿದ ಪುಡಿಗೆ ಕೊಡಸಿಗೆಯ ಗುಣ ಇನ್ನೂ ಬಂದಿಲ್ಲವೆಂದು ಅವರಿಗೆ ಹೇಗೆ ಹೇಳಲಿ? ಕೊನೆಯ ಹಂತ ಪ್ರತಿಸಲ ಕೆಡುತ್ತದೆ. ಅಲ್ಲಿ ಆಮ್ಲದ ಬದಲು ಬೇರೇನಾದರೂ ಹಾಕಿದರೆ? ಬೇಗ ಬೆಳಗಾದರೆ ಸಾಕು.