ಎರಡನೇ ತಾಳಿ

ವಿಜಯಪುರ,
ಭಾನುವಾರ

ಮಗಳು ಧನುಶ್ರೀಗೆ ಅಪ್ಪನ ಆಶೀರ್ವಾದ.

ನೀನು ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಐದು ವರ್ಷದ ಮೇಲೆ ಈ ಕಾಗದ. ಓದದೆ ಹರಿಯಬೇಡ.

ನನಗೆ ಅರವತ್ತು ತುಂಬಿತೆಂದು ಶಾಂತಿ ಇಟ್ಟುಕೊಂಡಿದ್ದೆ. ಅದರಲ್ಲಿ ಹೆಂಡತಿಗೆ ಮತ್ತೆ ತಾಳಿ ಕಟ್ಟಬೇಕಲ್ಲ, ನಿಮ್ಮಮ್ಮನನ್ನು ಅಕ್ಕಸಾಲಿಗರ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಎರಡು ತಾಳಿ ಮುಂದಿಟ್ಟು, "ಯಾವ್ದು ಬೇಕಮ್ಮಾ?" ಅಂದ.

"ಮೊದಲ್ನೇ ಸಲ ನನ್ನ ಯಾರೂ ಕೇಳ್ಲಿಲ್ಲ. ಈಗ ಕೇಳಿದ್ರಲ್ಲಾ, ಎರಡೂ ಬೇಡ" ಅಂದುಬಿಟ್ಟಳು. ಬ್ಯಾಗಿನಿಂದ ವಕೀಲರ ನೋಟಿಸು ತೆಗೆದು ನನ್ನ ಕೈಗಿಟ್ಟಳು. ವಿಚ್ಛೇದನವಂತೆ! ನಾನಿನ್ನೂ ಆ ಅಂಗಡಿಯ ಸ್ಟೂಲಿನ ಮೇಲೇ ಕೂತಿರುವ ಹಾಗಿದೆ.

ನೀನು ಗಂಡನನ್ನು ಬಿಟ್ಟಾಗ, ಇದೆಲ್ಲ ಈಗಿನ ಕಾಲದ ಹುಡುಗಿಯರ ಕೊಬ್ಬು ಎಂದು ರೇಷ್ಮೆ ಶೆಡ್ಡಿನಲ್ಲಿ ಎಲ್ಲರೆದುರು ಕೂಗಾಡಿದ್ದೆ. ನಿಮ್ಮಮ್ಮ ಅಲ್ಲೇ ರೇಷ್ಮೆಗೂಡು ಬೇಯಿಸುತ್ತಾ ಕೇಳಿಸಿಕೊಂಡಿದ್ದಳು. ಈಗ ಅವಳ ವಕೀಲರಿಗೆ ಫೋನ್ ಮಾಡಿ, ಈ ವಯಸ್ಸಿನಲ್ಲಿ ಇದೇನು ಸ್ವಾಮಿ ಎಂದರೆ, "ಕಾಲ ಬದಲಾಯ್ತು ಯಜಮಾನ್ರೇ, ನಿಮ್ ವಯಸ್ಸಿನೋರೂ ಬರ್ತಾರೆ" ಅಂದರು.

ಇಪ್ಪತ್ತನೇ ತಾರೀಕು ಕೋರ್ಟಿಗೆ ಹೋಗಬೇಕು. ಜಡ್ಜ್ ಕಾರಣ ಕೇಳುತ್ತಾರಾ? ನಿಮ್ಮಮ್ಮ ಮುದ್ದೆ ಬಡಿಸುತ್ತಾಳೆ, ಕಾರಣ ಹೇಳುವುದಿಲ್ಲ. ಕೆದಕಿದರೆ, "ಧನೂನ ಕೇಳಿ, ಅವಳಿಗೊತ್ತು" ಅಂತಾಳೆ.

ಗೊತ್ತಿದ್ದರೆ ಬರೆದು ಕಳಿಸು. ಹಾಗೇ ನಿನ್ನ ಕಾರಣವನ್ನೂ ಬರೆ. ಅವತ್ತು ನಾನು ಕೇಳಲೇ ಇಲ್ಲ.

ಇಂತಿ, ನಿನ್ನ ಅಪ್ಪ,
ಚಲಪತಿ